ಬಲಗಡೆಯ ಲೋಟ

ಅಂಗಡಿಯ ಹಿಂದಿನ ಕೋಣೆ,
ಡಿಸೆಂಬರ್ ಹನ್ನೆರಡು, ಬೆಳಗ್ಗೆ ಒಂಬತ್ತು

ಪ್ರೀತಿಯ ನನ್ನ ಬೇಕರಿಯವರಿಗೆ,

ಹೇಗಿದ್ದೀರಿ? ಒಲೆಯ ತಟ್ಟೆ ತಗುಲಿ ಎದ್ದಿದ್ದ ಬೊಬ್ಬೆ ಒಣಗಿತೇ, ಇಲ್ಲ ಅದರ ಮೇಲೆ ಇನ್ನೊಂದು ಎದ್ದಿದೆಯೇ? ಹೊತ್ತಿಗೆ ಸರಿಯಾಗಿ ಊಟ ಮಾಡಿ. ದಿನವಿಡೀ ಬನ್ನು ಸುಡುವವರು ಬರೀ ಬನ್ನು ತಿಂದುಕೊಂಡು ಮಲಗುತ್ತಾರೆಂದು ನನಗೆ ಗೊತ್ತು. ನಿಮ್ಮ ಕಾಗದ ಓದಿ ಒಬ್ಬಳೇ ನಕ್ಕೆ. ಬೇಕರಿಯ ಯಜಮಾನರಿಗೆ ಕೇಸರಿ ಬನ್ನು ಮಾಡುವ ಆಸೆ ಹುಟ್ಟಿತಂತೆ, ಕೇಸರಿ ವ್ಯಾಪಾರಿಯ ಮಗನಲ್ಲವೇ, ನೀನೇ ಆರಿಸಿ ತಾ ಎಂದರಂತೆ, ನೀವು ಹೂಂ ಎಂದುಬಿಟ್ಟಿರಂತೆ. ಆ ಹೂಂ ಹೇಳುವಾಗ ಮಾವನವರ ಮಾತು ನೆನಪಾಗಲಿಲ್ಲವೇ? "ನಿನ್ನ ಮೂಗು ಕನ್ನಡಕ ಇಡೋಕೆ ಮಾತ್ರ ಲಾಯಕ್ಕು." ಅದನ್ನು ಗಿರಾಕಿಗಳ ಮುಂದೆಯೇ ಹೇಳಿದರು, ನೀವು ಮರುದಿನ ಚೀಲ ಹೆಗಲಿಗೇರಿಸಿದಿರಿ. ಎರಡು ವರ್ಷವಾಯಿತು.

ಮೊದಲು ಕೇಸರಿಯ ವಿಷಯ. ಪುಡಿ ಕೊಳ್ಳಲೇಬೇಡಿ, ಎಳೆಯನ್ನೇ ಕೇಳಿ. ಪುಡಿಯಲ್ಲಿ ಏನು ಬೆರೆಸಿದ್ದಾರೆಂದು ಬೆರೆಸಿದವನಿಗೇ ಗೊತ್ತು. ಒಂದು ಎಳೆ ಬಿಳಿ ಕಾಗದದ ಮೇಲಿಟ್ಟು ನೋಡಿ: ಒಂದು ತುದಿ ಸಣ್ಣ ತುತ್ತೂರಿಯ ಬಾಯಿಯಂತೆ ಅಗಲವಾಗಿರಬೇಕು, ಮೈಯೆಲ್ಲ ಗಾಢ ಕೆಂಪಿರಬೇಕು. ಇನ್ನೊಂದು ತುದಿಯಲ್ಲಿ ಹಳದಿ ಬಾಲ ಉದ್ದವಿದ್ದರೆ ಅದು ತೂಕ ಹೆಚ್ಚಲೆಂದು ಬಿಟ್ಟದ್ದು. ಬೆರಳಲ್ಲಿ ಹಿಡಿದು ಬಾಗಿಸಿದರೆ ಚಟಕ್ಕೆಂದು ಮುರಿಯಬೇಕು. ಬಳುಕಿದರೆ ತೇವ ಹಿಡಿದಿದೆ, ಬೆರಳು ಜಿಡ್ಡಾದರೆ ಹೊಳಪಿಗೆ ಎಣ್ಣೆ ಸವರಿದ್ದಾರೆ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ನಾಲ್ಕು ಎಳೆ ಹಾಕಿ ಕಾಯಿರಿ. ಕಾಯುವುದು ನಿಮ್ಮಿಂದ ಆಗದ ಕೆಲಸ, ಆದರೂ ಕಾಯಿರಿ. ಹಾಕಿದ ತಕ್ಷಣ ನೀರು ಕೆಂಪಾಗಿ ಎಳೆ ಬಿಳಚಿಕೊಂಡರೆ ಅದು ಬಣ್ಣ ಕುಡಿಸಿದ ಮಾಲು. ಒಳ್ಳೆಯದು ನಿಧಾನವಾಗಿ ಹೊನ್ನಿನ ಹಳದಿ ಬಿಡುತ್ತದೆ, ತಾನು ಕೆಂಪಾಗಿಯೇ ಉಳಿಯುತ್ತದೆ. ನಾಲಿಗೆಗೆ ಕಹಿಯಾಗಬೇಕು. ಸಿಹಿಯಾದರೆ ಮರುಮಾತಿಲ್ಲದೆ ಎದ್ದು ಬನ್ನಿ. ಇಷ್ಟೆಲ್ಲ ಆದ ಮೇಲೆ ಮೂಗು. ಜೇನು ಮತ್ತು ಒಣಹುಲ್ಲು ಒಂದೇ ಡಬ್ಬಿಯಲ್ಲಿದ್ದ ಹಾಗೆ ವಾಸನೆ ಬರಬೇಕು. ಮುಗ್ಗಲು ಬಂದರೆ ಬೇಡ, ಹೊಗೆ ಬಂದರೆ ಬೇಡ. ಕಣ್ಣು, ಬೆರಳು, ನೀರು, ನಾಲಿಗೆ ಎಲ್ಲ ಒಪ್ಪಿದರೂ ಕೊನೆಯ ಮಾತು ಮೂಗಿನದೇ. ಈ ಕಾಗದದ ಜೊತೆ ಒಂದು ಚಿಟಿಕೆ ಎಳೆ ಕಟ್ಟಿ ಕಳಿಸಿದ್ದೇನೆ, ನೀವು ಕೊಳ್ಳುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇನ್ನು, ಯಾವಾಗ ಬರುತ್ತೀ ಎಂದು ಮತ್ತೆ ಕೇಳಿದ್ದೀರಿ. ಇಷ್ಟು ದಿನ ಮಾವನವರ ಮೊಣಕಾಲು ನೋವೆಂದು ಬರೆಯುತ್ತಿದ್ದೆ. ಅದು ಸುಳ್ಳು. ಅವರ ಮೊಣಕಾಲು ನಿಮ್ಮದಕ್ಕಿಂತ ಗಟ್ಟಿಯಾಗಿದೆ. ನೀವು ಹೋದ ಮೂರನೇ ತಿಂಗಳು ಅವರಿಗೆ ಜ್ವರ ಬಂತಲ್ಲ, ಜ್ವರ ಇಳಿದಾಗ ವಾಸನೆಯೂ ಹೊರಟುಹೋಗಿತ್ತು. ಊರೆಲ್ಲ ನಂಬಿದ ಮೂಗು ಅದು. ಯಾರಿಗೂ ಹೇಳಕೂಡದು, ನಿಮಗಂತೂ ಹೇಳಲೇಕೂಡದು ಎಂದು ಮಾತು ತೆಗೆದುಕೊಂಡರು. ಅಂದಿನಿಂದ ನಾನು ತಕ್ಕಡಿಗೂ ಪರದೆಗೂ ನಡುವಿನ ಸ್ಟೂಲಿನ ಮೇಲಿದ್ದೇನೆ. ಮಾಲು ಬಂದಾಗ ಪೊಟ್ಟಣ ಬಿಚ್ಚುವ ನೆಪದಲ್ಲಿ ನಾನು ಮೂಸುತ್ತೇನೆ, ಕುಡಿಯಲು ನೀರು ತಂದಿಡುತ್ತೇನೆ. ಲೋಟ ಅವರ ಬಲಗಡೆ ಇಟ್ಟರೆ ಒಳ್ಳೆಯದು, ಎಡಗಡೆ ಇಟ್ಟರೆ ಬೇಡ. ಅವರು ಎಳೆಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿ, ಲೋಟ ಹೇಳಿದ್ದನ್ನೇ ಹೇಳುತ್ತಾರೆ. ನನ್ನ ಮೂಗಿಗೆ ಈಗ ಈ ಮನೆಯಲ್ಲಿ ಭಾರಿ ಕಾವಲು. ಈರುಳ್ಳಿ ಹುರಿಯುವಂತಿಲ್ಲ, ಪರಿಮಳದ ಸೋಪು ಇಲ್ಲ, ಮಳೆಯಲ್ಲಿ ನೆನೆಯುವಂತಿಲ್ಲ, ಗಾಳಿಗೆ ನಿಲ್ಲುವಂತಿಲ್ಲ. ಹತ್ತು ಗಂಟೆಗೆ ನೀವಿರುವ ಊರಿಗೆ ಹೋಗುವ ಬಸ್ಸು ಎದುರಿನ ಗಡಿಯಾರ ರಿಪೇರಿ ಅಂಗಡಿಯ ಮುಂದೆ ನಿಲ್ಲುತ್ತದೆ. ಕಂಡಕ್ಟರು ದಿನಾ ನನ್ನ ಕಡೆ ನೋಡಿ, ಹತ್ತುವುದಿಲ್ಲವೆಂದು ಖಾತ್ರಿಯಾದ ಮೇಲೆ ಸೀಟಿ ಊದುತ್ತಾನೆ. ನನಗೆ ಆ ಸೀಟಿ ಕೇಳಿದರೆ ಅಳು ಬರುತ್ತದೆ.

ಕಳೆದ ತಿಂಗಳು ಇಷ್ಟೆಲ್ಲ ಕಾವಲಿದ್ದರೂ ನೆಗಡಿ ಬಂದೇಬಂತು. ಮಾವನವರಿಗೆ ಹೇಳಲು ಹೆದರಿ, ಸೀನು ಬಂದಾಗಲೆಲ್ಲ ಹಿತ್ತಲಿಗೆ ಓಡುತ್ತಿದ್ದೆ. ಅದೇ ವಾರ ಉದ್ದ ಕೋಟಿನ ವ್ಯಾಪಾರಿ ಹೊಸ ಬೆಳೆ ತಂದ. ಎಳೆ ನೋಡಿದೆ, ಚೆನ್ನಾಗಿತ್ತು. ಮುರಿಯಿತು. ನೀರಿನಲ್ಲಿ ಹಳದಿ ನಿಧಾನವಾಗಿ ಇಳಿಯಿತು. ಮೂಗು ಮಾತ್ರ ಮರದ ತುಂಡಿನಂತಿತ್ತು. ಇಷ್ಟು ಚೆನ್ನಾಗಿರುವುದು ಕೆಟ್ಟದ್ದಾಗಲಾರದು ಎಂದುಕೊಂಡು ಲೋಟ ಬಲಗಡೆ ಇಟ್ಟೆ. ಮಾವನವರು ಲೋಟ ನೋಡಿದರು, ನೀರು ಕುಡಿದರು, ಪೊಟ್ಟಣವನ್ನು ಅವನ ಕಡೆಗೆ ತಳ್ಳಿದರು. "ಇದಕ್ಕೆ ಹೊಗೆ ಹಿಡಿದಿದೆ. ತಗೊಂಡು ಹೋಗಿ." ಅವನು ತಲೆ ತಗ್ಗಿಸಿ, ಬಿಸಿಲಿರಲಿಲ್ಲ, ಸೌದೆ ಒಲೆಯ ಮೇಲೆ ಒಣಗಿಸಿದೆವು ಎಂದು ಒಪ್ಪಿಕೊಂಡ.

ಅವನು ಹೋದ ಮೇಲೆ ನಾನು ಸ್ಟೂಲಿನಿಂದ ಏಳಲೇ ಇಲ್ಲ. ಹೊಗೆ ಕಣ್ಣಿಗೆ ಕಾಣುವುದಿಲ್ಲ, ನೀರಿನಲ್ಲೂ ಇಳಿಯುವುದಿಲ್ಲ. ವಾಸನೆ ಯಾವಾಗ ತಿರುಗಿ ಬಂತು ಎಂದು ಕೇಳಿದೆ. ಅವರು ಲೋಟವನ್ನು ಸುಮ್ಮನೆ ತಿರುಗಿಸುತ್ತಾ ಕೂತರು. "ಎಂಟು ತಿಂಗಳಾಯ್ತಮ್ಮ. ಹೇಳಿದ್ರೆ ನೀನು ಬಸ್ಸು ಹತ್ತಿಬಿಡ್ತಿದ್ದೆ." ನನಗೆ ಬಂದ ಕೋಪಕ್ಕೆ ತಕ್ಕಡಿಯನ್ನೇ ಬೀದಿಗೆ ಎಸೆಯಬೇಕೆನಿಸಿತು. ಎಂಟು ತಿಂಗಳು! ಆಮೇಲೆ ಅವರೇ ಸಣ್ಣ ದನಿಯಲ್ಲಿ ಹೇಳಿದರು: "ಮೂಗು ಬಂತು, ಧೈರ್ಯ ಬರಲಿಲ್ಲ. ನೀನು ಲೋಟ ಇಟ್ಟ ಮೇಲೇ ನಂಗೆ ನಂಬಿಕೆ. ಇವತ್ತು ಹೊಗೆ ಜೋರಾಗಿತ್ತು, ಅದಕ್ಕೆ ಗೊತ್ತಾಯ್ತು." ಈ ಹಂಗಾಮು ಮುಗಿಯಲಿ, ಆಮೇಲೆ ಹೋಗುವೆಯಂತೆ ಎಂದರು. ಹೋದ ವರ್ಷವೂ ಹೀಗೇ ಅಂದಿದ್ದರು. ಬಯ್ಯಬೇಕೆಂದುಕೊಂಡರೆ ಮುದುಕರು ಖಾಲಿ ಲೋಟವನ್ನು ನನ್ನ ಕಡೆ ಚಾಚಿದರು. ಅದನ್ನು ತೆಗೆದುಕೊಂಡು ನೀರು ತರಲು ಎದ್ದೆ.

ಆದ್ದರಿಂದ ಸದ್ಯಕ್ಕೆ ಬರುವ ಮಾತಿಲ್ಲ. ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ಹೇಳಿ, ಬನ್ನು ಚೆನ್ನಾಗಿ ಉಬ್ಬಲಿ. ಕೈ ಜೋಪಾನ.

ಎಂದೂ ನಿಮ್ಮವಳು,
ಸ್ಟೂಲಿನವಳು

ತಾ.ಕ.: ಬಸ್ಸು ಬಂತು, ಕಂಡಕ್ಟರ ಕೈಗೇ ಕೊಡುತ್ತೇನೆ, ಬೇಗ ಬರೆಯುತ್ತಿದ್ದೇನೆ. ನೆಗಡಿ ಹೋಗಿ ಮೂರು ವಾರವಾಯಿತು, ವಾಸನೆ ಮಾತ್ರ ಬಂದಿಲ್ಲ. ಕಾಫಿ ಮೂಸಿದೆ, ಸೀಮೆಎಣ್ಣೆ ಮೂಸಿದೆ. ಪೆಟ್ಟಿಗೆಯಲ್ಲಿದ್ದ ನಿಮ್ಮ ಹಳೇ ಅಂಗಿ ತೆಗೆದು ಮುಖಕ್ಕೆ ಒತ್ತಿಕೊಂಡೆ, ಅದೂ ಬರೀ ಬಟ್ಟೆ. ಈಗ ಮಾವನವರ ಮೂಗಿನ ಹೊಳ್ಳೆ ನೋಡಿ ನಾನು ಲೋಟ ಇಡುತ್ತೇನೆ, ನನ್ನ ಲೋಟ ನೋಡಿ ಅವರು ಮಾತಾಡುತ್ತಾರೆ. ನನ್ನ ಮೂಗು ಹೋಯಿತೆಂದು ಅವರಿಗೆ ಹೇಳಿದರೆ ಇವತ್ತೇ ಬಿಡುಗಡೆ. ಆದರೆ ಲಾಯಕ್ಕಿಲ್ಲವೆಂದು ನಿಮ್ಮನ್ನು ಕಳಿಸಿದ ಬಾಗಿಲಿನಿಂದ ನಾನೂ ಹಾಗೇ ಹೊರಬೀಳಲಾರೆ. ನೀವೇ ಬನ್ನಿ. ನನಗೆ ನನ್ನ ಹೆಂಡತಿ ಬೇಕು ಎಂದು ಅವರ ಮುಂದೆ ನಿಂತು ಕೇಳಿ, ಅಷ್ಟು ಸಾಕು. ಮತ್ತೆ, ಕಳಿಸಿರುವ ಎಳೆಗಳನ್ನು ನಾನು ಕಣ್ಣಿನಲ್ಲೇ ಆರಿಸಿದ್ದು. ಬನ್ನಿಗೆ ಹಾಕುವ ಮೊದಲು ಯಾರ ಕೈಯಲ್ಲಾದರೂ ಮೂಸಿಸಿ.