ಕೂರುವ ಮರ

ಅಪ್ಪಾ,

ನೀನು ಹೋಗಿ ಎರಡು ವರ್ಷವಾಯಿತು. ಆದರೂ ನಿನಗೇ ಹೇಳಬೇಕು, ತಲೆ ಕೆಟ್ಟುಹೋಗಿದೆ.

ಇವತ್ತು ಆಸ್ಪತ್ರೆಯಲ್ಲಿ ಅಮ್ಮನಿಗೆ ಮರೆವಿನ ಪರೀಕ್ಷೆ. "ಮೀನು, ಬೆಂಕಿ, ಕುರ್ಚಿ. ನೆನಪಿಟ್ಕೊಳ್ಳಿ, ಆಮೇಲೆ ಕೇಳ್ತೀನಿ," ಎಂದಳು ನರ್ಸಮ್ಮ. ಅಮ್ಮ ಮೂರನ್ನೂ ನಮ್ಮ ಕಾಡುಮಾತಿನಲ್ಲಿ ಒಪ್ಪಿಸಿದಳು. ಕುರ್ಚಿಗೆ ನಮ್ಮಲ್ಲಿ ಪದವೆಲ್ಲಿದೆ? "ಕೂರುವ ಮರ" ಎಂದಳು. ಆ ಪುಣ್ಯಾತ್ಗಿತ್ತಿ ಸೊನ್ನೆ ಹಾಕಿದಳು!

"ಸರಿಯಾಗೇ ಹೇಳಿದ್ರಲ್ಲ ಮೇಡಂ!"

"ನಾನ್ ಹೇಳಿದ ಪದಾನೇ ಬರ್ಬೇಕಮ್ಮ."

ಒಂದೊಂದು ಪದದ ಅರ್ಥವನ್ನೂ ಬಿಡಿಸಿ ಹೇಳಿ, ಜಗಳವಾಡಿ, ಸೊನ್ನೆಯನ್ನು ಮೂರು ಮಾಡಿಸಿದೆ.

ಹೊರಗೆ ಬಂದಮೇಲೆ ಅಮ್ಮ, "ಅವತ್ತು ಇದೇ ಪರೀಕ್ಷೇಲಿ ನಿಮ್ಮಪ್ಪಾನೂ ಮೂರೂ ಹೇಳಿದ್ರಲ್ವೇನೇ?" ಎಂದಳು.

ಇವಳಿಗೆ ಮರೆವಂತೆ!

ನೀನು ಮೂರೂ ಹೇಳಿದ್ದೆ, ಅಪ್ಪಾ. ಅಷ್ಟು ಜನರೆದುರು ನಮ್ಮ ಕಾಡುಮಾತನ್ನಾಡಿಬಿಟ್ಟೆಯಲ್ಲ ಎಂದು ನಾಚಿ, ಅವರು ನಿನಗೆ ಸೊನ್ನೆ ಹಾಕುವಾಗ ನಾನು ಪಕ್ಕದಲ್ಲೇ ನೆಲ ನೋಡುತ್ತ ಕೂತಿದ್ದೆ.