ಹುಣಸೆಮರದ ಬಾಣಂತಿಯರು

ಮದ್ದೂರು, ಭಾನುವಾರ

ಚೈತ್ರಳ ಅಮ್ಮನಿಗೆ,

ನಾನು ಕ್ಷೇಮ. ಪಾರ್ಕು ತೆರೆಯಲು ಇನ್ನೂ ಒಂದು ವಾರವಂತೆ. ನಮ್ಮ ಜೈಂಟ್ ವೀಲ್ ಜೋಡಿಸಿ, ಗ್ರೀಸು ಹಚ್ಚಿ, ಟಾರ್ಪಾಲು ಹೊದಿಸಿದ್ದೇನೆ. ಕೂತು ವಡೆ ತಿನ್ನುವುದಕ್ಕಿಂತ ಸುತ್ತಮುತ್ತ ನೋಡೋಣ ಅಂತ ಹೊರಟೆ. ಶಿವನಸಮುದ್ರದಲ್ಲಿ ಈಗ ನೀರಿಗಿಂತ ಬಂಡೆಯೇ ಜಾಸ್ತಿ. ಇವತ್ತು ಕೊಕ್ಕರೆ ಬೆಳ್ಳೂರಿಗೆ ಹೋದೆ.

ಅಲ್ಲಿ ಚಿಕ್ಕಬೋರಮ್ಮ ಎಂಬುವವರ ಹಿತ್ತಲಿನ ಹುಣಸೆಮರದ ತುಂಬ ಹೆಜ್ಜಾರ್ಲೆ ಹಕ್ಕಿಗಳ ಗೂಡು. ಕೆಳಗೆ ನಿಂತರೆ ಅಂಗಿಗೆ ಸುಣ್ಣ. ಹಾರುವುದನ್ನು ನೋಡೋಣ ಅಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಆಯಮ್ಮ ಒಳಗಿಂದ ಓಡಿ ಬಂದರು.

"ಸುಮ್ಕಿರಣ್ಣ! ಎಣ್ಮಕ್ಳು ಬಾಣಂತನಕ್ಕೆ ತೌರಿಗೆ ಬಂದವೆ, ಎದರಿಸ್ಬ್ಯಾಡ."

"ಇವು ಇರೋವರೆಗೂ ಹಣ್ಣು ಉದುರಿಸೋ ಹಾಗಿಲ್ಲ. ಲುಕ್ಸಾನು ಅಲ್ವೇನಮ್ಮ?"

"ಮಗ್ಳು ಬಂದ್ರೆ ಲುಕ್ಸಾನು ಅಂತಾರಾ? ನಿಂಗೆ ಎಣ್ಮಕ್ಳಿಲ್ವಾ?"

ಹೊಟ್ಟೆ ಉರಿದುಹೋಯಿತು ಕಣೆ. ಆಕೆಯ ಒಂದೇ ಮರಕ್ಕೆ ಕರೆಯದೆಯೇ ಅಷ್ಟೊಂದು ಹೆಣ್ಣುಮಕ್ಕಳು. ನಮಗಿರುವುದು ಒಬ್ಬಳು, ಅವಳೂ ಚೊಚ್ಚಲ ಹೆರಿಗೆಗೆ ಅತ್ತೆಮನೆಯೇ ಸಾಕು ಅನ್ನುತ್ತಾಳೆ. ಬೀಗಿತ್ತಿ ಮನೆಯಲ್ಲಿ ಏಸಿ ಇದೆಯಂತೆ. ಏಸಿ ಎಣ್ಣೆ ತಿಕ್ಕಿ ನೀರು ಹಾಕುತ್ತದೆಯೇ?

ಮಂಡಿನೋವು ಇಳಿದಿದೆ. ಅಂಗಿಯ ಸುಣ್ಣ ಮಾತ್ರ ಹೋಗಿಲ್ಲ.

ಈ ಕಾರ್ಡನ್ನು ಫೋನಿನಲ್ಲಿ ಚೈತ್ರಳಿಗೆ ಓದಿ ಹೇಳು. ನಾನೇ ಫೋನು ಮಾಡಿದರೆ ಬೀಗಿತ್ತಿ ಎತ್ತುತ್ತಾರೆ. ನನ್ನ ಹೊಟ್ಟೆ ಉರಿದದ್ದನ್ನು ಬಿಟ್ಟು ಓದು. ಬೇಡ, ಅದನ್ನೇ ಮೊದಲು ಓದು.

ಜಾಗ ಮುಗಿಯಿತು.

ಚೈತ್ರಳ ಅಪ್ಪ