ಸದ್ದು ನಿಂತ ಮಧ್ಯಾಹ್ನ

ಜನವರಿ 9

ಆ ಹಳೆಯ ಲಿಫ್ಟ್ ಮತ್ತೆ ಆರನೇ ಮಹಡಿಯಲ್ಲಿ ಕೈಕೊಟ್ಟಿತು. ಮೋಟಾರಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರ್ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿ ಕೇಳಿದೆ. ಕಿರುಗುಟ್ಟುತ್ತಿದ್ದದ್ದು ಬೇರಿಂಗ್. ಗ್ರೀಸ್ ತುಂಬಿದ ಮೇಲೆ ಸದ್ದು ಅಡಗಿತು. ಬಿಲ್ಡಿಂಗಿನ ಸೆಕ್ರೆಟರಿ, "ಇಷ್ಟಕ್ಕೆ ಎರಡು ದಿನ ನಮ್ಮನ್ನ ಮೆಟ್ಟಿಲು ಹತ್ತಿಸಿದ್ರಲ್ಲ ಸ್ವಾಮಿ" ಎಂದರು. ನಮ್ಮ ಕೆಲಸವೇ ಹಾಗೆ. ಸದ್ದು ಎಲ್ಲಿಂದ ಎಂದು ಗೊತ್ತಾದರೆ ಮುಕ್ಕಾಲು ಪಾಲು ಮುಗಿಯಿತು.

ಮನೆಗೆ ಬಂದಾಗ ಪಾಪುವಿಗೆ ಮೂಗು ಕಟ್ಟಿತ್ತು. ಮೂರು ತಿಂಗಳ ಕೂಸು. ಹಾಲಿಗೆ ಬಾಯಿ ಹಚ್ಚುತ್ತಾಳೆ, ಉಸಿರು ಸಿಗದೆ ಬಿಡುತ್ತಾಳೆ, ಅಳುತ್ತಾಳೆ. ಮತ್ತೆ ಹಚ್ಚುತ್ತಾಳೆ.

ಜನವರಿ 10

ಕ್ಲಿನಿಕ್ಕಿಗೆ ಹೋಗಿ ಬಂದೆವು. ನೆಗಡಿ ಎದೆಗೂ ಸ್ವಲ್ಪ ಇಳಿದಿದೆಯಂತೆ. ಸಿರಪ್ಪು ಏನೂ ಬೇಡ ಎಂದರು ಡಾಕ್ಟರ್. ಮೂಗಿಗೆ ಉಪ್ಪುನೀರಿನ ಡ್ರಾಪ್ಸ್, ಸಿಂಬಳ ಹೀರಲು ರಬ್ಬರ್ ಬಲ್ಬ್. ಹಾಲು ಸ್ವಲ್ಪ ಸ್ವಲ್ಪ, ಹೆಚ್ಚು ಸಲ. ಇನ್ನೂ ಏನೇನೋ ಹೇಳುತ್ತಿದ್ದರು. ನನ್ನ ಕಣ್ಣು ಅವರ ಸ್ಟೆತಸ್ಕೋಪ್ ಮೇಲೆ.

"ಒಂದ್ಸಲ ನಾನೂ ಕೇಳಬಹುದಾ?"

ನಕ್ಕು ಕೊಟ್ಟರು. ಬೆನ್ನಿನ ಎರಡೂ ಬದಿ ಸಣ್ಣ ಸೀಟಿ, ಜಾರುವ ಬೆಲ್ಟಿನ ಹಾಗೆ. ಒಂದು ಸಲ ಕೇಳಿದರೆ ಸಾಕು ನನಗೆ.

ಮನೆಯಲ್ಲಿ ಅಮ್ಮ ಬಾಮ್ ಡಬ್ಬಿ ಹಿಡಿದು ಕಾಯುತ್ತಿದ್ದಳು. ಎದೆಗೆ, ಮೂಗಿನ ಕೆಳಗೆ ಹಚ್ಚಬೇಕಂತೆ. ಕರ್ಪೂರ ಇದೆ, ಎಳೆಮಕ್ಕಳಿಗೆ ಹಚ್ಚಬಾರದು ಎಂದು ಡಬ್ಬಿಯ ಮೇಲೇ ಬರೆದಿತ್ತು. ಓದಿ ತೋರಿಸಿದೆ.

"ನಿನಗೆ ಹಚ್ಚಿರಲಿಲ್ವಾ? ಸತ್ತೋದ್ಯಾ?" ಆಮೇಲೆ ಸೊಸೆಯ ಕಡೆ ತಿರುಗಿ, "ಏನೋ ಓದ್ಲಿ ಅಂತ ಸ್ಕೂಲಿಗೆ ಹಾಕ್ದೆ. ಡಬ್ಬಿ ಓದೋಕೆ ಕಲ್ತ."

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಡಬ್ಬಿ ಬೀರುವಿನ ಮೇಲೆ ಹೋಯಿತು.

ಜನವರಿ 11

ರಜೆ ಹಾಕಿದೆ. ಬಲ್ಬನ್ನು ಮೊದಲು ಹೊರಗೇ ಅದುಮಬೇಕು, ಆಮೇಲೆ ತುದಿ ಇಟ್ಟು ಮೆಲ್ಲಗೆ ಬಿಡಬೇಕು. ಒಳಗಿಟ್ಟು ಅದುಮಿದರೆ ಸಿಂಬಳ ಹಿಂದಕ್ಕೇ ಹೋಗುತ್ತದೆ. ಹೆಂಡತಿಗೆ ತೋರಿಸಿಕೊಟ್ಟೆ. ಪಾಪು ಕೆಂಪಗಾಗಿ ಕಿರುಚಿತು, ಸಿಂಬಳ ಬಂತು, ಹಾಲು ಕುಡಿಯಿತು.

ಮಧ್ಯಾಹ್ನ ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ಬಿಟ್ಟು ಬಾಗಿಲು ಹಾಕಿ, ನೀರು ಸಿಡಿಯದಷ್ಟು ದೂರ ಮೂವರೂ ಕೂತೆವು. ಹಬೆ ತುಂಬಿ ಕನ್ನಡಿ ಮಾಯವಾಯಿತು. ಹೊರಗಿನಿಂದ ಅಮ್ಮ: "ಒಳಗೆ ಗಂಡ ಹೆಂಡ್ತಿ ಸೇರ್ಕೊಂಡು ಏನು ಬೇಯಿಸ್ತಿದ್ದೀರೋ?"

ಬೆನ್ನಿಗೆ ಕಿವಿ ಇಟ್ಟೆ. ಸೀಟಿ ಇದೆ, ನಿನ್ನೆಗಿಂತ ಮೇಲಕ್ಕೆ ಬಂದಿದೆ ಅನ್ನಿಸಿತು.

"ಎಷ್ಟನೇ ಮಹಡಿ?" ಎಂದಳು ಹೆಂಡತಿ.

"ಮೂರು ದಾಟ್ತು."

ನಕ್ಕಳು. ಎರಡು ದಿನದಿಂದ ನಿದ್ದೆಯಿಲ್ಲದ ಮುಖ.

ಜನವರಿ 12, ಮಧ್ಯಾಹ್ನ

ಬೆಳಿಗ್ಗೆ ಸೀಟಿ ಅಡುಗೆಮನೆಯವರೆಗೆ ಕೇಳುತ್ತಿತ್ತು. ಮತ್ತೆ ಹಬೆ, ಮತ್ತೆ ಡ್ರಾಪ್ಸ್. ಊಟದ ಹೊತ್ತಿಗೆ ನಿಂತಿತು. ಬೆನ್ನಿನ ಎರಡೂ ಬದಿ ಕಿವಿ ಇಟ್ಟು ನೋಡಿದೆ. ಏನೂ ಇಲ್ಲ — ಕ್ಲಿಯರ್.

"ಹಾಲು ಕುಡೀತಿಲ್ಲ ರೀ," ಎಂದಳು ಹೆಂಡತಿ. "ಬೆಳಿಗ್ಗೆಯಿಂದ ಬಟ್ಟೆನೂ ಒದ್ದೆ ಮಾಡಿಲ್ಲ. ಹೋಗೋಣ್ವಾ?"

"ಸುಸ್ತಾಗಿದೆ. ನಿದ್ದೆ ಮಾಡ್ಲಿ ಬಿಡು."

"ಅಳೋದೂ ಇಲ್ಲ."

"ಸದ್ದೇ ನಿಂತಿದೆ. ನಿಂತ ಮೇಲೆ ಹೋಗಿ ಏನು ತೋರಿಸ್ತೀಯ?"

ಅವಳು ಅಮ್ಮನ ಕಡೆ ನೋಡಿದಳು. ಬಾಮಿನ ವಿಷಯದಲ್ಲಿ ನಾನು ಹೇಳಿದ್ದು ಸರಿ ಎಂದು ಅಮ್ಮ ಒಪ್ಪಿಕೊಂಡಾಗಿತ್ತು. "ಅವನಿಗೆ ಗೊತ್ತಾಗತ್ತೆ ಬಿಡಮ್ಮ," ಎಂದಳು.

ಈಗ ಫೋನ್ ಬಂತು. ಲಿಫ್ಟಿನಲ್ಲಿ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆ. ಹೊರಡಬೇಕು. ಪಾಪು ಮಲಗಿದೆ. ಮನೆಯಲ್ಲಿ ಎಷ್ಟು ನಿಶ್ಶಬ್ದ... ಹಾಯೆನಿಸುತ್ತದೆ.

ಜನವರಿ 17

ಆಸ್ಪತ್ರೆಯ ಕಾರಿಡಾರ್. ಮಕ್ಕಳ ಐಸಿಯು ಬಾಗಿಲಿನೆದುರು ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಇವತ್ತು ಬರೆಯಲು ಕೈ ಬಂದಿದೆ.

ಅವತ್ತು ಸಂಜೆ ಮನೆಗೆ ಬಂದರೆ ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. "ಹೇಳ್ದೆ ಕೇಳ್ದೆ ಮಗೂನ ಎತ್ಕೊಂಡು ಓಡಿದ್ಲು ಕಣೋ. ನಾನು ಬೈದೆ. ಬಾಗಿಲಲ್ಲಿ ಬೆಳಕಿಗೆ ಬಂದಾಗ ನೋಡಿದ್ರೆ... ತುಟಿ ನೀಲಿ." ಹೆಂಡತಿ ನನಗೆ ಫೋನ್ ಮಾಡಿರಲಿಲ್ಲ. ಮಾಡಿದ್ದರೆ ನಾನು ಏನು ಹೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ಇಲ್ಲಿನ ಡಾಕ್ಟರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಸೀಟಿಯ ವಿಷಯ ಹೇಳಿದೆ. ಅವರು ಬೈಯಲಿಲ್ಲ.

"ಸದ್ದು ಬರಬೇಕಾದ್ರೆ ಗಾಳಿ ಓಡಾಡ್ಬೇಕು ಸರ್. ಗಾಳೀನೇ ಹೋಗ್ತಿರ್ಲಿಲ್ಲ. ಮಗು ಎಳೆದು ಎಳೆದು ಸೋತಿತ್ತು. ಅಂಗಿ ಎತ್ತಿ ಪಕ್ಕೆ ನೋಡಿದ್ರಾ?"

ನೋಡಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳುತ್ತೇನೆ ನಾನು, ಯಾವಾಗಲೂ.

ಹಾಲು ಬಿಟ್ಟರೆ, ಪಕ್ಕೆ ಒಳಗೆ ಎಳೆದರೆ ತಕ್ಷಣ ತನ್ನಿ ಎಂದು ಕ್ಲಿನಿಕ್ಕಿನ ಡಾಕ್ಟರೂ ಹೇಳಿದ್ದರಂತೆ. ಹೆಂಡತಿಗೆ ನೆನಪಿದೆ.

ಗಾಜಿನಾಚೆ ಪಾಪು. ಬಾಯಿಗೆ ಟ್ಯೂಬ್, ಕೆನ್ನೆಗೆ ಟೇಪು. ಮೆಷಿನ್ ಉಸಿರಾಡಿಸುತ್ತಿದೆ.

ಜನವರಿ 19

ಟ್ಯೂಬ್ ತೆಗೆದರು. ಮೂಗಿನ ಹತ್ತಿರ ಸಣ್ಣ ಆಕ್ಸಿಜನ್ ಪೈಪ್ ಮಾತ್ರ. ಮಗು ಅತ್ತಿತು, ಗಂಟಲು ಕಟ್ಟಿ ದನಿಯೇ ಹೊರಡಲಿಲ್ಲ. ಡಾಕ್ಟರ್ ಈಗ ಏನಿದ್ದರೂ ಹೆಂಡತಿಯನ್ನೇ ಕೇಳುತ್ತಾರೆ. ಕೊನೆಗೆ ಯಾವಾಗ ಕುಡಿದಿತ್ತು, ಎಷ್ಟು ಕುಡಿದಿತ್ತು, ಕಣ್ಣು ಬಿಟ್ಟಿತ್ತಾ. ಅವಳು ತಡವರಿಸದೆ ಹೇಳುತ್ತಾಳೆ. ನಾನು ಪಕ್ಕದಲ್ಲಿ ಫ್ಲಾಸ್ಕ್ ಹಿಡಿದು ನಿಂತಿರುತ್ತೇನೆ.

ಅಮ್ಮ ಊಟ ತಂದಳು. ಹೋಗುವಾಗ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು, "ನಾನು ಅವಳ ಮಾತು ಕೇಳ್ಬೇಕಿತ್ತು ಕಣೋ," ಎಂದಳು. ನನ್ನ ವಿಷಯ ಎತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತು.

ಜನವರಿ 22

ಬೆಳಿಗ್ಗೆ ಆಕ್ಸಿಜನ್ ಪೈಪನ್ನೂ ತೆಗೆದರು. ಪಾಪು ಹಾಲು ಕುಡಿದಳು. ನಡುನಡುವೆ ನಿಲ್ಲಿಸಿದಳು, ಆದರೂ ಕುಡಿದಳು. ಇಬ್ಬರೂ ಅದನ್ನೇ ನೋಡುತ್ತಿದ್ದೆವು.

ಹೆಂಡತಿ ತಲೆ ಎತ್ತದೆ ಕೇಳಿದಳು. "ಅವತ್ತು ಹಾಲು ಕುಡೀತಿಲ್ಲ ಅಂದ್ನಲ್ಲ. ನಿಮಗೆ ಕೇಳಿಸಿತ್ತಾ?"

ಆಸ್ಪತ್ರೆಗೆ ಬಂದ ಮೇಲೆ ನನ್ನೊಡನೆ ಅವಳಾಗಿ ಆಡಿದ ಮೊದಲ ಮಾತು. ಸುಳ್ಳು ಹೇಳಬಾರದು ಅನ್ನಿಸಿತು.

"ಕೇಳಿಸಿತ್ತು."

"ಇಲ್ಲ ಅಂತೀರೇನೋ ಅಂದ್ಕೊಂಡಿದ್ದೆ," ಎಂದಳು. ಮಗುವನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟತೊಡಗಿದಳು.

ನಾಳೆ ಡಿಸ್ಚಾರ್ಜ್. ಕರೆದುಕೊಂಡು ಹೋಗಲು ಅವಳ ಅಣ್ಣ ಕಾರು ತರುತ್ತಾನಂತೆ. ನರ್ಸಿಗೆ ಹೇಳುತ್ತಿದ್ದಳು, ನನಗಲ್ಲ. ಎಲ್ಲಿಗೆ ಎಂದು ಇನ್ನೂ ಕೇಳಿಲ್ಲ. ಈಗ ವಾರ್ಡಿನ ಬಾಗಿಲಿಗೆ ಬಂದು ನಿಂತಿದ್ದಾಳೆ, ಪಾಪುವನ್ನು ಎತ್ತಿಕೊಂಡು. ಕೇಳಿಬಿಡುತ್ತೇನೆ. ಅವಳು ಏನು ಹೇಳಿದರೂ ಈ ಸಲ ಕಣ್ಣು ತೆರೆದು ಕೇಳಬೇಕು.